ಬರೀ ಮನಸ್ಸು

ನಮ್ಮ ಭಾಷೆಯಲ್ಲಿ ‘ಬರೀ’ ಎಂಬುದೊಂದು ಪುಟ್ಟ ಮಾತು. ಬರೀ ಕೈ, ಬರೀ ಹೊಟ್ಟೆ, ಬರೀ ಕಾಲು ಎನ್ನುವಾಗ ಅದು ನಿರುಪದ್ರವಿ. ಇಲ್ಲದ್ದನ್ನು ಇಲ್ಲವೆಂದು ಹೇಳುತ್ತದೆ, ಅಷ್ಟೆ. ಬರೀ ಮಾತು, ಬರೀ ನಾಟಕ ಎನ್ನುವಾಗ ಅದರ ಸ್ವಭಾವ ಬದಲಾಗುತ್ತದೆ. ಆಗ ಅದು ಇರುವುದನ್ನೇ ಇಲ್ಲವೆನಿಸುತ್ತದೆ. ಈ ಎರಡನೆಯ ‘ಬರೀ’ಯನ್ನು ನಾನು ಬಹಳ ಹಿಂದೆ ಒಮ್ಮೆ ಬಳಸಿದೆ. ಆಡಿದ್ದು ಒಂದೇ ವಾಕ್ಯ. ಅದರ ತಪ್ಪೇನೆಂದು ತಿಳಿಯುವುದಕ್ಕೆ ವರ್ಷಗಳು ಹಿಡಿದವು. ಮನಸ್ಸಿಗೂ ಮೈಗೂ ಇರುವ ಸಂಬಂಧವೇನು ಎಂಬ ಪ್ರಶ್ನೆ ತತ್ತ್ವಜ್ಞಾನಿಗಳಿಗೆ ಸೇರಿದ್ದು. ದನದ ಆಸ್ಪತ್ರೆಯಲ್ಲಿ ಕೆಲಸ ಮಾಡಿ ನಿವೃತ್ತನಾದ ನನ್ನಂಥವನು ಅದರ ಗೊಡವೆಗೆ ಹೋಗುವುದು ಅಧಿಕಪ್ರಸಂಗವೇ ಸರಿ. ಆದರೆ ಆ ಪ್ರಶ್ನೆ ತಾನಾಗಿ ನನ್ನ ಮನೆಯ ಬಾಗಿಲಿಗೆ ಬಂದು ನಿಂತಿತು. ಬಂದವರನ್ನು ಒಳಗೆ ಕರೆಯದೆ ಇರುವುದು ಹೇಗೆ?

ಮೂವತ್ತು ವರ್ಷಕ್ಕೂ ಹಿಂದಿನ ಮಾತು. ಆಗ ನಾನು ರಾಮಾಪುರದಲ್ಲಿದ್ದೆ. ಈಗ ಆ ಊರು ಚಾಮರಾಜನಗರ ಜಿಲ್ಲೆಯ ಹನೂರು ತಾಲ್ಲೂಕಿಗೆ ಸೇರಿದೆ. ಆಗ ಕೊಳ್ಳೇಗಾಲ ತಾಲ್ಲೂಕು, ಮೈಸೂರು ಜಿಲ್ಲೆ. ಮಲೆಮಹದೇಶ್ವರನ ಬೆಟ್ಟದ ಸೀಮೆಯ ಊರು ಅದು. ಸುತ್ತ ಕಾಡು, ಕಾಡಿನ ಅಂಚಿಗೆ ರಾಗಿ ಹೊಲ, ಹಟ್ಟಿ ತುಂಬ ದನ. ಹಬ್ಬ ಬಂತೆಂದರೆ ರಸ್ತೆಯ ತುಂಬ ‘ಉಘೇ ಮಾದಪ್ಪ’ ಎಂಬ ಕೂಗು. ಹಗಲೆಲ್ಲ ದನಗಳಿಗೆ ಸೂಜಿ ಚುಚ್ಚಿ, ಹುಣ್ಣು ತೊಳೆದು, ಸಂಜೆ ಬಾಡಿಗೆಮನೆಯ ಜಗಲಿಯ ಮೇಲೆ ಕುಳಿತರೆ ಬೆಟ್ಟದ ಕಡೆಯ ಗಾಳಿ ಬೀಸುತ್ತಿತ್ತು. ಬದುಕು ಸುಖವಾಗಿತ್ತು ಎಂದೇ ಹೇಳಬೇಕು.

ವಾಚಕರಲ್ಲಿ ಹಲವರಿಗೆ ಆ ವರ್ಷಗಳು ನೆನಪಿರಬಹುದು. ವೀರಪ್ಪನ್ ಆ ಕಾಡುಗಳನ್ನು ಆಳುತ್ತಿದ್ದ ಕಾಲ. 1992ರ ಮೇ ತಿಂಗಳ ಒಂದು ರಾತ್ರಿ ಅವನ ತಂಡ ರಾಮಾಪುರದ ಪೊಲೀಸ್ ಠಾಣೆಯ ಮೇಲೆ ಬಿದ್ದು ಐವರು ಪೊಲೀಸರನ್ನು ಕೊಂದು ಬಂದೂಕುಗಳನ್ನು ಹೊತ್ತೊಯ್ದಿತು. ನಾನು ನಿದ್ದೆಗಣ್ಣಿನಲ್ಲಿ ಯಾರದೋ ಮದುವೆಯ ಪಟಾಕಿ ಎಂದುಕೊಂಡೆ. ಹಾಗೆಂದುಕೊಳ್ಳುವ ಮೊದಲೇ ನನ್ನ ಹೆಂಡತಿ ತೊಟ್ಟಿಲಿನಿಂದ ಮಗುವನ್ನು ಎತ್ತಿಕೊಂಡು ಮಂಚದ ಕೆಳಗೆ ಸೇರಿದ್ದಳು. ಹೇಗೆ ಎತ್ತಿಕೊಂಡೆ, ಯಾವಾಗ ಇಳಿದೆ ಎಂಬುದು ಇವತ್ತಿಗೂ ಅವಳಿಗೆ ತಿಳಿಯದು. ಬೆಳಕು ಹರಿಯುವವರೆಗೂ ನಾವು ಮೂವರೂ ನೆಲಕ್ಕೆ ಮೈಯೊಡ್ಡಿ ಮಲಗಿದ್ದೆವು. ಮಗು ಅಳಲಿಲ್ಲ. ಅದು ಅಳಬಾರದೆಂದು ಅದರ ಬಾಯಿಯ ಮೇಲೆ ಅವಳ ಅಂಗೈ ಇತ್ತು.

ಮರುದಿನವೋ ಅದರ ಮರುದಿನವೋ ಒಬ್ಬ ಮುದುಕಿ ನನ್ನನ್ನು ಕರೆದುಕೊಂಡು ಹೋದಳು. ಠಾಣೆಗೆ ಕೂಗಳತೆಯಲ್ಲಿ ಅವಳ ಹಟ್ಟಿ. “ಹಸ ಬೆಚ್ಚದೆ ಡಾಕ್ಟ್ರೆ. ಸೊರೆ ಬುಡ್ತಾ ಇಲ್ಲ” ಎಂದಳು. ನಾನು ಡಾಕ್ಟರಲ್ಲ, ಡಾಕ್ಟರ ಕೈಕೆಳಗಿನವನು. ಆದರೂ ಹಳ್ಳಿಯವರು ಆ ಬಡ್ತಿಯನ್ನು ಧಾರಾಳವಾಗಿ ಕೊಡುತ್ತಾರೆ. ಹೋಗಿ ನೋಡಿದೆ. ಜ್ವರವಿಲ್ಲ, ಕೆಚ್ಚಲು ಬಾವಿಲ್ಲ. ಹಾಲು ತುಂಬಿ ಬಿಗಿದುಕೊಂಡಿದೆ. ಕರು ಗುದ್ದಿದರೂ ಹನಿಯಿಲ್ಲ. ಕೈಚೀಲದಲ್ಲಿ ಇಂಥದಕ್ಕೆಂದೇ ಇರುವ ಇಂಜೆಕ್ಷನ್ ಇತ್ತು, ತೆಗೆದೆ. ಮುದುಕಿ ತಡೆದಳು. “ಸೂಜಿ ಬ್ಯಾಡಿ. ಅದ್ಕೆ ದೈರ್ಯ ಬರ್ಲಿ. ರೋಗ ಇಲ್ಲ ಅಂತ ನೀವು ಹೇಳುದ್ರಲ್ಲ, ಅಷ್ಟು ಸಾಕು” ಎಂದಳು. ಮತ್ತೆ ಎರಡು ದಿನ ಅವಳು ಹಸುವಿನ ಪಕ್ಕದಲ್ಲೇ ಮಲಗಿದಳು. ಗಂಗೆದೊಗಲು ನೀವುತ್ತ, ಅದರೊಡನೆ ಏನೇನೋ ಮಾತಾಡುತ್ತ, ಕರುವನ್ನು ಮುಂದೆ ಬಿಟ್ಟು ನೆಕ್ಕಿಸುತ್ತ ಇದ್ದಳು. ಮೂರನೆಯ ದಿನ ಹಸು ಸೊರೆ ಬಿಟ್ಟಿತು.

ಇದರಲ್ಲಿ ಮಂತ್ರವೇನೂ ಇಲ್ಲ. ಕರು ಬಾಯಿಟ್ಟಾಗ ಹಸುವಿನ ಮಿದುಳಿಗೆ ಸುದ್ದಿ ಹೋಗುತ್ತದೆ. ಮಿದುಳಿನ ಬುಡದಲ್ಲಿ ನೇತಾಡುವ ಪಿಟ್ಯುಟರಿ ಗ್ರಂಥಿ ಆಕ್ಸಿಟೋಸಿನ್ ಎಂಬ ರಸವನ್ನು ರಕ್ತಕ್ಕೆ ಬಿಡುತ್ತದೆ. ಅದು ಕೆಚ್ಚಲನ್ನು ತಲಪಿ ಹಾಲಿನ ಗೂಡುಗಳನ್ನು ಹಿಂಡುತ್ತದೆ. 1941ರಲ್ಲಿ ಅಮೆರಿಕದಲ್ಲಿ ಎಲಿ ಮತ್ತು ಪೀಟರ್ಸನ್ ಎಂಬಿಬ್ಬರು ಇದನ್ನು ಪರೀಕ್ಷಿಸಿದರು. ಕೆಚ್ಚಲಿನ ಒಂದು ಪಕ್ಕದ ನರಗಳನ್ನು ಕತ್ತರಿಸಿದರೂ ಎರಡು ಪಕ್ಕದಿಂದಲೂ ಹಾಲು ಇಳಿಯಿತು. ಸುದ್ದಿ ನರದ ದಾರಿಯಲ್ಲದೆ ರಕ್ತದ ದಾರಿಯಲ್ಲಿ ಬರುತ್ತಿದೆ ಎಂದು ಗೊತ್ತಾಯಿತು. ಆಮೇಲೆ ಹಸುವಿನ ಬೆನ್ನ ಮೇಲೆ ಬೆಕ್ಕನ್ನು ಕೂರಿಸಿ, ಕಾಗದದ ಚೀಲಗಳನ್ನು ಪಟ್ಟೆಂದು ಒಡೆದು ಅದನ್ನು ಹೆದರಿಸಿದರು. ಹಾಲು ನಿಂತುಹೋಯಿತು. ಹೆದರಿಸದೆ, ಅಡ್ರಿನಲಿನ್ ಎಂಬ ರಸವನ್ನು ಚುಚ್ಚಿದಾಗಲೂ ನಿಂತಿತು. ಮೂತ್ರಪಿಂಡಗಳ ನೆತ್ತಿಯ ಮೇಲೆ ಪುಟ್ಟ ಟೋಪಿಯಂತೆ ಕುಳಿತಿರುವ ಗ್ರಂಥಿಗಳು ಭಯದ ಹೊತ್ತಿನಲ್ಲಿ ಸುರಿಸುವ ರಸವೇ ಅದು. ರಾಮಾಪುರದ ಮುದುಕಿಗೆ ಈ ಹೆಸರುಗಳಾವುವೂ ಗೊತ್ತಿರಲಿಲ್ಲ, ಗೊತ್ತಿರಬೇಕಾದದ್ದು ಗೊತ್ತಿತ್ತು. ಹಸು ಹೆದರಿದೆ, ಆದ್ದರಿಂದ ಹಾಲು ಇಳಿಯುತ್ತಿಲ್ಲ, ಎರಡೂ ನಿಜ. ‘ಬರೀ ಹೆದರಿಕೆ’ ಎಂದು ಅವಳು ಹಸುವನ್ನು ಗದರಿಸಲಿಲ್ಲ. ಹಸು ನಾಟಕ ಆಡುತ್ತಿದೆ ಎಂದು ಯಾರೂ ಹೇಳಲಿಲ್ಲ.

ಇನ್ನು ನನ್ನ ಮನೆಯ ಕಥೆ. ಅದೇ ವರ್ಷದ ಆಗಸ್ಟ್ 14ರಂದು ಮೀಣ್ಯದ ಬಳಿ ಎಸ್.ಪಿ. ಹರಿಕೃಷ್ಣ, ಸಬ್‌ಇನ್ಸ್‌ಪೆಕ್ಟರ್ ಶಕೀಲ್ ಅಹಮದ್ ಮತ್ತು ಅವರ ಜೊತೆಗಿದ್ದವರು ಹೊಂಚಿಗೆ ಬಲಿಯಾದರು. ಮರುವರ್ಷ ಏಪ್ರಿಲ್ 9ರಂದು ಪಾಲಾರಿನ ಬಳಿ ನೆಲಬಾಂಬು ಸಿಡಿದು 22 ಜನ ಸತ್ತರು. ಊರಿನಲ್ಲಿ ಹಗಲಿರುಳೂ ಜೀಪುಗಳ ಓಡಾಟ. ಜೀಪಿನ ಸದ್ದು ತಿರುವಿನಲ್ಲಿ ಕೇಳಿದರೆ ಸಾಕು, ನನ್ನ ಹೆಂಡತಿಗೆ ಎದೆ ಡವಡವ ಹೊಡೆದುಕೊಳ್ಳುತ್ತಿತ್ತು, ಗಂಟಲು ಕಟ್ಟುತ್ತಿತ್ತು, ಅಂಗೈ ಮಂಜಿನಂತೆ ತಣ್ಣಗಾಗುತ್ತಿತ್ತು. ದೀಪಾವಳಿಗೆ ತೌರಿಗೆ ಹೋದವಳು ಉಗ್ರಾಣದಲ್ಲಿ ಬಾಗಿಲು ಹಾಕಿಕೊಂಡು ಕುಳಿತಳು. ಕೆಲವರು ಗಾಳಿ ಸೋಕಿದೆ ಎಂದರು. ಕೆಲವರು ಹಳ್ಳಿಯಲ್ಲಿ ಇರಲಾರದೆ ಹೂಡಿದ ಆಟ ಎಂದರು. ಕೊನೆಗೆ ಪಟ್ಟಣದ ಒಂದು ಆಸ್ಪತ್ರೆಗೆ ಕರೆದುಕೊಂಡು ಹೋದೆ. ರಕ್ತ ನೋಡಿದರು, ಇ.ಸಿ.ಜಿ. ತೆಗೆದರು. ವೈದ್ಯರು ಕಾಗದದ ಸುರುಳಿಯನ್ನು ನನ್ನ ಕೈಗಿತ್ತು, “ಏನೂ ಇಲ್ಲ. ಇದು ಕಾಯಿಲೆಯೇ ಅಲ್ಲ” ಎಂದರು.

ನನಗೆ ಸಮಾಧಾನವಾಯಿತು. ಬಸ್ಸಿನಲ್ಲಿ ಬರುತ್ತ ಅವಳಿಗೆ ಹೇಳಿದೆ: “ನೋಡು, ನಿನ್ನ ಎದೆಗೆ ಏನೂ ಆಗಿಲ್ಲ. ಇದೆಲ್ಲ ಬರೀ ಮನಸ್ಸು. ಸ್ವಲ್ಪ ಧೈರ್ಯ ತಂದುಕೊ.”

ಅವಳು ಬಹಳ ಹೊತ್ತು ಕಿಟಕಿಯ ಹೊರಗೆ ನೋಡುತ್ತಿದ್ದಳು. ಆಮೇಲೆ ಕೇಳಿದಳು: “ಹಾಗಾದರೆ ಹೊಡೆದುಕೊಳ್ಳುತ್ತಿರುವುದು ಯಾರ ಎದೆ?”

ನಾನು ಉತ್ತರ ಹೇಳಲಿಲ್ಲ. ಅದನ್ನು ಪ್ರಶ್ನೆಯೆಂದೇ ತಿಳಿಯಲಿಲ್ಲ. ಹೆಂಗಸರು ಮುನಿದಾಗ ಆಡುವ ಮಾತು ಎಂದುಕೊಂಡೆ. ಅಂದಿನಿಂದ ಅವಳು ತನ್ನ ಎದೆಯ ವಿಷಯ ನನಗೆ ಹೇಳುವುದನ್ನು ಬಿಟ್ಟಳು. ನಾನು ಗುಣವಾಯಿತೆಂದು ಬಗೆದೆ. ಹಸುವಿಗೆ ಕೊಟ್ಟಷ್ಟು ನಂಬಿಕೆಯನ್ನು ನಾನು ಕೈಹಿಡಿದವಳಿಗೆ ಕೊಡಲಿಲ್ಲ ಎಂಬುದು ಆಗ ಹೊಳೆಯಲಿಲ್ಲ.

ಅವಳು ಕೇಳಿದ್ದು ಮಾತ್ರ ನಿಜವಾದ ಪ್ರಶ್ನೆ. ನಮ್ಮ ಆಡುನುಡಿಯನ್ನೇ ನೋಡಿ. ಅಂಜಿದರೆ ಎದೆ ಝಲ್ಲೆನ್ನುತ್ತದೆ, ನಾಲಗೆಯ ಪಸೆ ಆರುತ್ತದೆ, ಜಂಘಾಬಲ ಉಡುಗುತ್ತದೆ. ಮಕ್ಕಳ ದುಃಖ ಕಂಡರೆ ಕರುಳು ಚುರುಕ್ಕೆನ್ನುತ್ತದೆ. ನೆರೆಯವನ ಏಳಿಗೆ ಕಂಡರೆ ಹೊಟ್ಟೆ ಉರಿಯುತ್ತದೆ. ಹಿಂದಿನವರು ಮನಸ್ಸನ್ನು ಮೈಯಿಂದ ಬೇರೆ ಮಾಡಿ ಕಪಾಟಿನಲ್ಲಿಟ್ಟವರಲ್ಲ. ಭರತನ ನಾಟ್ಯಶಾಸ್ತ್ರ ಎಂಟು ಸಾತ್ತ್ವಿಕ ಭಾವಗಳನ್ನು ಎಣಿಸುತ್ತದೆ: ಸ್ತಂಭ, ಸ್ವೇದ, ರೋಮಾಂಚ, ಸ್ವರಭೇದ, ನಡುಕ, ಬಣ್ಣಗೇಡು, ಕಣ್ಣೀರು, ಮೂರ್ಛೆ. ಇಂದಿನ ವೈದ್ಯ ಇವುಗಳಲ್ಲಿ ಬಹುಪಾಲನ್ನು ನಮ್ಮ ಇಚ್ಛೆಗೆ ಒಳಪಡದ ಸ್ವಯಂಚಾಲಿತ ನರಮಂಡಲದ ಲೆಕ್ಕಕ್ಕೆ ಬರೆಯುತ್ತಾನೆ. ಭರತ ಇವನ್ನು ‘ಸತ್ತ್ವ’ದಿಂದ ಹುಟ್ಟಿದವು ಎಂದ, ಮನಸ್ಸು ಒಂದೆಡೆ ನಿಲ್ಲದೆ ಇವು ಬರುವುದಿಲ್ಲ ಎಂದ. ನಟ ಕೈಯನ್ನು ಬೇಕಾದ ಹಾಗೆ ತಿರುಗಿಸಬಲ್ಲ. ಬೆವರನ್ನು ಹಾಗೆ ಕರೆಯಲಾರ.

ಭಗವದ್ಗೀತೆಯ ಮೊದಲ ಅಧ್ಯಾಯದಲ್ಲಿ ಅರ್ಜುನ ತನ್ನ ಮೈಯ ಸ್ಥಿತಿಯನ್ನು ಹೇಳಿಕೊಳ್ಳುವ ಭಾಗ ವೈದ್ಯರ ಮುಂದೆ ರೋಗಿ ಹೇಳಿಕೊಂಡ ಹಾಗೇ ಇದೆ. ಅಂಗಗಳು ಕುಸಿಯುತ್ತಿವೆ, ಬಾಯಿ ಒಣಗುತ್ತಿದೆ, ಮೈ ನಡುಗುತ್ತಿದೆ, ರೋಮ ನಿಮಿರಿದೆ, ಬಿಲ್ಲು ಜಾರುತ್ತಿದೆ, ಚರ್ಮ ಉರಿಯುತ್ತಿದೆ. ಕೃಷ್ಣ ಮೊದಲು ಮಾಡಿದ್ದೇನು? ನಾನು ಬಸ್ಸಿನಲ್ಲಿ ಮಾಡಿದ್ದನ್ನೇ. ಎರಡನೆಯ ಅಧ್ಯಾಯದ ಆರಂಭದಲ್ಲಿ ಎರಡು ಶ್ಲೋಕಗಳಷ್ಟು ಗದರಿದ: ಇದು ನಿನಗೆ ತಕ್ಕದ್ದಲ್ಲ, ಎದೆಗುಂದದೆ ಏಳು ಎಂದ. ಅರ್ಜುನ ಏಳಲಿಲ್ಲ. ಆಮೇಲೆ ಭಗವಂತನೂ ರಥ ನಿಲ್ಲಿಸಿ, ಅವನ ಸಂಶಯಗಳನ್ನೆಲ್ಲ ಕೇಳಿ, ಹದಿನೆಂಟು ಅಧ್ಯಾಯ ಮುಗಿಯುವವರೆಗೆ ಮಾತಾಡಬೇಕಾಯಿತು. ಗೀತೆಯ ವೇದಾಂತವನ್ನು ಬಲ್ಲವರು ಬಲ್ಲರು. ನನಗೆ ಮಾತ್ರ ಈ ಒಂದು ಸಂಗತಿಯೇ ದೊಡ್ಡ ಪಾಠವಾಗಿ ಕಾಣುತ್ತದೆ. ಗದರಿಕೆ ಫಲಿಸದ ಮೇಲೆ ಕೃಷ್ಣ ಗೆಳೆಯನನ್ನು ಹೇಡಿಯೆಂದು ಬಿಟ್ಟುಹೋಗಲಿಲ್ಲ.

ಬಿಟ್ಟುಹೋದವರೂ ಉಂಟು. ಮೊದಲನೆಯ ಮಹಾಯುದ್ಧದಲ್ಲಿ ಫಿರಂಗಿಯ ಸದ್ದಿಗೆ ಸಿಕ್ಕಿ, ಮೈಗೆ ಗಾಯವಿಲ್ಲದೆ ಮಾತು ನಿಂತವರು, ಕೈಕಾಲು ನಡುಗುವವರು ಸಾವಿರಾರು ಜನ. ಅವರ ಪಾಡಿಗೆ ‘ಶೆಲ್ ಶಾಕ್’ ಎಂಬ ಹೆಸರು 1915ರಲ್ಲೇ ಅಚ್ಚಾಗಿತ್ತು. ಆದರೂ ಹೇಡಿತನ, ಪಲಾಯನ ಮೊದಲಾದ ಆಪಾದನೆಗಳ ಮೇಲೆ ಬ್ರಿಟಿಷ್ ಸೈನ್ಯ ತನ್ನ ಯೋಧರಿಗೆ ತಾನೇ ಗುಂಡಿಕ್ಕಿತು. ಹಾಗೆ ಸತ್ತ 306 ಮಂದಿಗೆ ಬ್ರಿಟನ್ 2006ರಲ್ಲಿ ಕ್ಷಮೆ ನೀಡಿತು. ಅವರಲ್ಲಿ ಈ ಬೇನೆಯವರೂ ಇದ್ದರೆಂದು ಈಗ ಎಲ್ಲರೂ ಒಪ್ಪುತ್ತಾರೆ. ಗಾಯ ಕಾಣದಿದ್ದರೆ ಬೇನೆಯಿಲ್ಲ, ಬೇನೆಯಿಲ್ಲದಿದ್ದರೆ ಅಪರಾಧ: ‘ಬರೀ ಮನಸ್ಸು’ ಎಂಬ ತರ್ಕ ಹೋಗಿ ಮುಟ್ಟುವ ಕೊನೆಯ ಊರು ಅದು.

ಹಾಗಾದರೆ ಎಲ್ಲವೂ ಮೈಯೇ ಎಂದುಬಿಡೋಣವೆ? ವಿಜ್ಞಾನದ ಪುಸ್ತಕಗಳನ್ನು ಓದತೊಡಗಿದಾಗ ನನಗೂ ಹಾಗೆನಿಸಿತು. 1884ರಲ್ಲಿ ಅಮೆರಿಕದ ವಿಲಿಯಂ ಜೇಮ್ಸ್ ಒಂದು ವಿಚಿತ್ರವಾದ ಮಾತು ಹೇಳಿದ: ಅಂಜಿದ್ದರಿಂದ ನಡುಗುತ್ತೇವೆ ಎಂಬುದು ತಲೆಕೆಳಗು, ನಡುಗುವುದರಿಂದ ಅಂಜುತ್ತೇವೆ. ಕಾಡಾನೆ ಎದುರಾದರೆ ಮೈ ಮೊದಲು ಓಡುತ್ತದೆ. ಮೈಯಲ್ಲಾದ ಗದ್ದಲವನ್ನು ಮನಸ್ಸು ಅರಿತಾಗ ಆ ಅರಿವಿಗೇ ಭಯವೆಂದು ಹೆಸರು. ನನ್ನ ಹೆಂಡತಿ ಮಂಚದ ಕೆಳಗೆ ಸೇರಿದ ರೀತಿಯನ್ನು ನೆನೆದರೆ ಜೇಮ್ಸನ ಮಾತನ್ನು ತಳ್ಳಿಹಾಕಲಾಗದು.

ಆದರೆ ವಾಲ್ಟರ್ ಕ್ಯಾನನ್ ಒಪ್ಪಲಿಲ್ಲ. ಇವನು ಊಟ ಮಾಡಿದ ಬೆಕ್ಕಿನ ಜಠರವನ್ನು ಎಕ್ಸ್-ರೇಯಲ್ಲಿ ನೋಡುತ್ತಿದ್ದಾಗ, ಬೆಕ್ಕು ಗಾಬರಿಗೊಂಡೊಡನೆ ಜಠರದ ಅಲೆ ನಿಂತುಹೋಗುವುದನ್ನು ಕಂಡವನು. ಭಯ ಮತ್ತು ಸಿಟ್ಟಿನಲ್ಲಿ ಮೈ ಕಾದಾಟಕ್ಕೋ ಓಟಕ್ಕೋ ಸಿದ್ಧವಾಗುವ ಬಗೆಯನ್ನು 1915ರಲ್ಲಿ ಪುಸ್ತಕ ಮಾಡಿ ಬರೆದವನು. 1927ರಲ್ಲಿ ಅವನು ಕೇಳಿದ್ದು ಸರಳವಾದ ಪ್ರಶ್ನೆ: ಭಯಕ್ಕೂ ಸಿಟ್ಟಿಗೂ ಮೈಯೊಳಗಿನ ಗದ್ದಲ ಹೆಚ್ಚುಕಡಿಮೆ ಒಂದೇ ಆಗಿರುವಾಗ, ಇದು ಭಯ, ಅದು ಸಿಟ್ಟು ಎಂದು ತಿಳಿಯುವುದು ಹೇಗೆ? ತಾಳಬೆಟ್ಟದಿಂದ ಮಾದಪ್ಪನ ಬೆಟ್ಟ ಹತ್ತಿದವರಿಗೆ ಇದು ಅರ್ಥವಾಗುತ್ತದೆ. ಎದೆ ಹೊಡೆದುಕೊಳ್ಳುತ್ತದೆ, ಬೆವರು ಇಳಿಯುತ್ತದೆ, ಬಾಯಿ ಒಣಗುತ್ತದೆ, ಕಾಲು ನಡುಗುತ್ತದೆ. ಆದರೂ ಭಯವಿಲ್ಲ, ‘ಉಘೇ’ ಎನ್ನುವ ಹುರುಪಿದೆ. ಅದೇ ಎದೆ, ಅದೇ ಬಡಿತ, ಅರ್ಥ ಬೇರೆ.

ಮೈ ಸುಳ್ಳು ಹೇಳುವುದಿಲ್ಲ ಎಂಬ ನಂಬಿಕೆ ನಮ್ಮಲ್ಲಿ ಹಳೆಯದು. ಧರ್ಮಶಾಸ್ತ್ರಗಳಲ್ಲಿ ತಂಡುಲ ದಿವ್ಯವೆಂಬುದೊಂದಿದೆ: ಕಳವಿನ ಆಪಾದನೆ ಹೊತ್ತವನಿಗೆ ಅಕ್ಕಿ ಅಗಿಯಲು ಕೊಟ್ಟು, ಉಗುಳಿಸಿ ನೋಡುವುದು. ತಪ್ಪಿತಸ್ಥನ ಬಾಯಿ ಒಣಗಿರುತ್ತದೆ ಎಂಬುದು ಅದರ ಹಿಂದಿರಬಹುದಾದ ಲೆಕ್ಕ. ಆದರೆ ನಿರಪರಾಧಿಯಾದ ಬಡವನೊಬ್ಬನನ್ನು ಹತ್ತು ಜನರ ನಡುವೆ ನಿಲ್ಲಿಸಿದರೆ ಅವನ ಬಾಯಿ ಒಣಗುವುದಿಲ್ಲವೆ? ಎಷ್ಟೋ ಶತಮಾನಗಳ ಮೇಲೆ ಅಕ್ಕಿಯ ಜಾಗಕ್ಕೆ ಯಂತ್ರ ಬಂತು. ನಾಡಿ, ಉಸಿರು, ಬೆವರು, ಮಿದುಳಿನ ಅಲೆ ಎಲ್ಲವನ್ನೂ ಗೀಚುವ ಯಂತ್ರ. 2010ರ ಮೇ 5ರಂದು ಸುಪ್ರೀಂ ಕೋರ್ಟು ‘ಸೆಲ್ವಿ ಮತ್ತು ಕರ್ನಾಟಕ ರಾಜ್ಯ’ ಎಂಬ ಮೊಕದ್ದಮೆಯಲ್ಲಿ ತೀರ್ಪು ನೀಡಿ, ಒಬ್ಬನ ಒಪ್ಪಿಗೆಯಿಲ್ಲದೆ ಅವನಿಗೆ ಮಂಪರು ಪರೀಕ್ಷೆಯನ್ನಾಗಲಿ, ಸುಳ್ಳುಪತ್ತೆ ಯಂತ್ರದ ಪರೀಕ್ಷೆಯನ್ನಾಗಲಿ, ಮಿದುಳಿನ ಪರೀಕ್ಷೆಯನ್ನಾಗಲಿ ಮಾಡಕೂಡದೆಂದಿತು. ತನ್ನ ವಿರುದ್ಧ ತಾನೇ ಸಾಕ್ಷಿ ನುಡಿಯುವಂತೆ ಯಾರನ್ನೂ ಬಲವಂತಪಡಿಸಬಾರದೆಂಬ ಸಂವಿಧಾನದ 20ನೆಯ ವಿಧಿ ಅದರ ತಳಹದಿ. ಕಾನೂನಿನ ಮಾತು ಹಾಗಿರಲಿ. ಯಂತ್ರ ಬಡಿತವನ್ನು ಎಣಿಸೀತು, ಆ ಬಡಿತ ಏತಕ್ಕೆಂದು ಯಂತ್ರಕ್ಕೆ ತಿಳಿಯದು. ನನ್ನ ಹೆಂಡತಿಯ ಇ.ಸಿ.ಜಿ. ಸುರುಳಿಯಲ್ಲೂ ಆ ರಾತ್ರಿ ಎಲ್ಲಿಯೂ ಬರೆದಿರಲಿಲ್ಲ.

ಮಿದುಳಿನ ವಿಷಯದಲ್ಲೂ ಅಷ್ಟೆ. ಕಣತಲೆಯ ಒಳಭಾಗದಲ್ಲಿ, ಎಡಬಲಗಳೆರಡರಲ್ಲೂ, ಬಾದಾಮಿಯಷ್ಟು ದೊಡ್ಡ ಅಮಿಗ್ಡಲ ಎಂಬ ಗಂಟೊಂದಿದೆ. ಕೇಳಿದ ಸದ್ದು ಏನೆಂದು ಮಿದುಳಿನ ಮೇಲ್ಪದರ ವಿಚಾರಿಸುವುದರೊಳಗೆ, ಒಳದಾರಿಯಿಂದ ಸುದ್ದಿ ಇಲ್ಲಿಗೆ ಮುಟ್ಟಿ ಮೈಯನ್ನು ಎಬ್ಬಿಸಿಬಿಡಬಲ್ಲದು ಎಂದು ಜೋಸೆಫ್ ಲೆಡೂ ಎಂಬ ವಿಜ್ಞಾನಿ ಇಲಿಗಳಲ್ಲಿ ಪ್ರಯೋಗ ಮಾಡಿ ತೋರಿಸಿದ. ನಾನು ಪಟಾಕಿ ಎಂದುಕೊಳ್ಳುವ ಮೊದಲೇ ಅವಳು ಕೆಳಗಿಳಿದಿದ್ದಳಲ್ಲ, ಅದಕ್ಕೆ ಇದು ಒಳ್ಳೆಯ ವಿವರಣೆ. ಅಂದಮೇಲೆ ಭಯವೆಂದರೆ ಈ ಬಾದಾಮಿಯೇ ಎನ್ನಬಹುದೆ? ಅದನ್ನು ಲೆಡೂ ತಾನೇ ಒಪ್ಪುವುದಿಲ್ಲ. ಅದು ಮೈಯ ಕಾವಲುಗಾರ, ಅನುಭವಿಸುವ ಭಯ ಅದಕ್ಕಿಂತ ಹೆಚ್ಚಿನದು ಎನ್ನುತ್ತಾನೆ. ವೈದ್ಯಗ್ರಂಥಗಳಲ್ಲಿ ‘ಎಸ್. ಎಂ.’ ಎಂದು ಕರೆಯುವ ಮಹಿಳೆಯೊಬ್ಬಳಿಗೆ ಎರಡು ಕಡೆಯ ಅಮಿಗ್ಡಲವೂ ನಾಶವಾಗಿತ್ತು. ಹಾವನ್ನು ಕೈಯಲ್ಲಿ ಹಿಡಿದರೂ ಆಕೆಗೆ ಹೆದರಿಕೆಯಿಲ್ಲ. ಆದರೆ ಇಂಗಾಲದ ಡೈಆಕ್ಸೈಡ್ ಬೆರೆತ ಗಾಳಿಯನ್ನು ಉಸಿರಾಡಿಸಿದಾಗ ಆಕೆಯೂ ದಿಗಿಲುಬಿದ್ದು ಒದ್ದಾಡಿದಳು ಎಂದು 2013ರಲ್ಲಿ ವರದಿಯಾಯಿತು. ಭಯಕ್ಕೆ ಒಂದೇ ಮನೆ, ಒಂದೇ ಬಾಗಿಲು ಇಲ್ಲ.

ನನಗೆ ಈಗ ತೋರುವುದಿಷ್ಟು. ಅಂದು ಅವಳಲ್ಲಿ ನಡೆದದ್ದು ಎರಡಲ್ಲ, ಒಂದೇ. ವೈದ್ಯ ಅದನ್ನು ಬಡಿತ, ರಸ, ನರ ಎಂದು ಹೇಳುತ್ತಾನೆ. ಅವಳು ಬಂದೂಕು, ಕತ್ತಲೆ, ಮಗುವಿನ ಬಾಯಿ ಎಂದು ಹೇಳುತ್ತಾಳೆ. ಒಂದು ಹೇಳಿಕೆ ನಿಜವಾದ ಮಾತ್ರಕ್ಕೆ ಇನ್ನೊಂದು ಸುಳ್ಳಾಗುವುದಿಲ್ಲ. ‘ಬರೀ ಮನಸ್ಸು’ ಎಂದವನು ಅವಳ ಮೈಯನ್ನು ಇಲ್ಲವೆಂದ. ‘ಬರೀ ಅಡ್ರಿನಲಿನ್’ ಎಂದವನು ಅವಳ ಮಗುವನ್ನು ಇಲ್ಲವೆಂದ. ಎರಡು ‘ಬರೀ’ಗಳೂ ಹೇಳುವವನಿಗೆ ಒಂದೇ ಅನುಕೂಲ ಮಾಡಿಕೊಡುತ್ತವೆ: ‘ನಿನಗೇನಾಯಿತು?’ ಎಂದು ಕೇಳಿ, ಕುಳಿತು ಉತ್ತರ ಆಲಿಸುವ ತೊಂದರೆಯನ್ನು ತಪ್ಪಿಸುತ್ತವೆ.

ಆ ಪ್ರಶ್ನೆಯನ್ನು ಕೇಳಿದವರು ನಾನಲ್ಲ. ಮೈಸೂರಿಗೆ ವರ್ಗವಾಗಿ ಬಂದು ಎರಡು ವರ್ಷದ ಮೇಲೆ, ಮನೋವೈದ್ಯರೊಬ್ಬರು ನನ್ನನ್ನು ಹೊರಗೆ ಕೂರಿಸಿ ಅವಳನ್ನು ಕೇಳಿದರು. ಒಂದು ಗಂಟೆ ಬಾಗಿಲು ತೆರೆಯಲಿಲ್ಲ. ಆಮೇಲೆ ನನ್ನನ್ನೂ ಕರೆದು ಹೇಳಿದರು: ಇದಕ್ಕೆ ಹೆಸರಿದೆ, ಅದು 1980ರಿಂದ ಅಮೆರಿಕದ ಮನೋವೈದ್ಯರ ಪಟ್ಟಿಯಲ್ಲಿದೆ, ಮದ್ದೂ ಇದೆ. ಹೆಸರು ಕೇಳಿ ಅವಳು ಅತ್ತಳು. ಗುಂಡಿನ ಸದ್ದಿಗಿಂತ ಹೆಚ್ಚಾಗಿ ಅವಳನ್ನು ಕಾಡುತ್ತಿದ್ದುದು ಬೇರೆ ಎಂದು ಆಗ ನನಗೆ ತಿಳಿಯಿತು. ಮಗುವಿನ ಬಾಯಿಯ ಮೇಲಿಟ್ಟ ಕೈ ಬಿಗಿಯಾಗಿ ಮಗುವಿಗೆ ಏನಾದರೂ ಆಗಿದ್ದರೆ ಎಂಬ ಯೋಚನೆ ಅವಳನ್ನು ಬಿಟ್ಟಿರಲಿಲ್ಲ. ಮೂರು ವರ್ಷ ಒಂದೇ ಸೂರಿನ ಕೆಳಗಿದ್ದೂ ನನಗೆ ಅದು ಗೊತ್ತಿರಲಿಲ್ಲ. ನಾನು ಕೇಳಿರಲಿಲ್ಲ.

ಚಿಕಿತ್ಸೆ ನಿಧಾನವಾಗಿ ನಡೆಯಿತು. ಕೆಲವು ತಿಂಗಳು ಮಾತ್ರೆ. ಜೊತೆಗೆ ಉಸಿರನ್ನು ನೀಳವಾಗಿ ಬಿಡುವ ಅಭ್ಯಾಸ. ಹೆದರಿಸುತ್ತಿದ್ದ ಸದ್ದುಗಳ ಹತ್ತಿರಕ್ಕೆ ದಿನಕ್ಕೊಂದು ಹೆಜ್ಜೆ. ಉಸಿರಿಗೇಕೆ ಇಷ್ಟು ಮಹತ್ತ್ವ ಎಂದು ಹುಡುಕುತ್ತ ಹೋದಾಗ ಸ್ವಾರಸ್ಯವಾದ ಒಂದು ಕಥೆ ಸಿಕ್ಕಿತು. 1935ರಲ್ಲಿ ತೆರೇಸ್ ಬ್ರೋಸ್ ಎಂಬ ಫ್ರೆಂಚ್ ಹೃದ್ರೋಗತಜ್ಞೆ ಭಾರತಕ್ಕೆ ಬಂದು ಯೋಗಿಗಳ ಎದೆಬಡಿತವನ್ನು ದಾಖಲಿಸಿದಳು. ಮೈಸೂರಿನಲ್ಲಿ ಯೋಗ ಕಲಿಸುತ್ತಿದ್ದ ಟಿ. ಕೃಷ್ಣಮಾಚಾರ್ಯರೂ ಅವರಲ್ಲೊಬ್ಬರು. ಯೋಗಿಗಳು ಹೃದಯವನ್ನೇ ನಿಲ್ಲಿಸಬಲ್ಲರು ಎಂಬ ಸುದ್ದಿ ಲೋಕಕ್ಕೆಲ್ಲ ಹಬ್ಬಿತು. ವೆಂಗರ್, ಬಾಗ್ಚಿ ಮತ್ತು ದೆಹಲಿಯ ಆನಂದ್ ಎಂಬ ಮೂವರು ಮತ್ತೆ ಪರೀಕ್ಷಿಸಿ 1961ರಲ್ಲಿ ಪ್ರಕಟಿಸಿದ್ದು ಹೀಗೆ: ಉಸಿರು ಕಟ್ಟಿ ಎದೆಹೊಟ್ಟೆಗಳನ್ನು ಬಿಗಿದಾಗ ನಾಡಿ ಕೈಗೆ ಸಿಗದು, ಬಡಿತವೂ ಕಿವಿಗೆ ಸರಿಯಾಗಿ ಕೇಳದು, ಹೃದಯ ಮಾತ್ರ ತನ್ನ ಕೆಲಸ ನಿಲ್ಲಿಸಿರಲಿಲ್ಲ. ಇದರಿಂದ ಯೋಗಿಗಳ ಘನತೆ ಕುಂದಿತೆಂದು ನಾನು ಭಾವಿಸುವುದಿಲ್ಲ. ಹೃದಯ ನಮ್ಮ ಆಜ್ಞೆಯನ್ನು ನೇರವಾಗಿ ಕೇಳದು. ಉಸಿರಿನ ಮೂಲಕ ಹೇಳಿಸಿದರೆ ಸ್ವಲ್ಪಮಟ್ಟಿಗೆ ಕೇಳುತ್ತದೆ ಎಂಬುದಲ್ಲವೆ ಇದರ ಅರ್ಥ? ಒಳಗಿನ ಈ ಕೆಲಸಗಾರರಲ್ಲಿ ತಾನಾಗಿಯೂ ನಡೆದು, ನಾವು ಹೇಳಿದಂತೆಯೂ ನಡೆಯುವುದು ಮುಖ್ಯವಾಗಿ ಉಸಿರೊಂದೇ. ‘ಧೈರ್ಯ ತಂದುಕೊ’ ಎಂಬುದು ಹೃದಯಕ್ಕೆ ಕೊಟ್ಟ ಹುಕುಂ. ಅಲ್ಲಿ ಅದನ್ನು ಓದುವವರಿಲ್ಲ.

ಇಲ್ಲೊಂದು ಆಕ್ಷೇಪ ಏಳಬಹುದು. ಎಲ್ಲವೂ ನರ, ರಸಗಳ ಮೂಲಕವೇ ನಡೆಯುವುದಾದರೆ ಯಾರೂ ಯಾವುದಕ್ಕೂ ಹೊಣೆಯಲ್ಲವೇನು? ನನ್ನ ಉದಾಹರಣೆಯನ್ನೇ ಹೇಳುತ್ತೇನೆ. ಆ ರಾತ್ರಿ ನಾನೂ ಹೆದರಿದ್ದೆ; ಒಪ್ಪಿಕೊಂಡಿರಲಿಲ್ಲ. ನನ್ನಲ್ಲಿ ಅದು ಸಿಡುಕಾಗಿ ಬಂತು: ಅನ್ನ ಬಿಸಿಯಾದರೆ ಸಿಟ್ಟು, ಆರಿದರೆ ಸಿಟ್ಟು. ಕೋಪದ ಮೊದಲ ಉರಿ ಮೈಗೆ ತಗಲುವುದು ನನ್ನ ಕೈಯಲ್ಲಿರಲಿಲ್ಲ, ನಿಜ. ಆದರೆ ಮೊದಲ ಉರಿಗೂ ಬಾಯಿಂದ ಬಿದ್ದ ಮಾತಿಗೂ ನಡುವೆ ಒಂದು ಉಸಿರಿನಷ್ಟು ಬಿಡುವಿತ್ತು. ಆ ಬಿಡುವು ನನ್ನದು. ಅದರಲ್ಲಿ ಆಡಿದ ಮಾತೂ ನನ್ನದೇ. ನಡುಗಿದ್ದಕ್ಕೆ ಅವಳು ಹೊಣೆಯಲ್ಲ. ಕೇಳದೆ ತೀರ್ಪು ಕೊಟ್ಟದ್ದಕ್ಕೆ ನಾನು ಹೊಣೆ.

ಇಷ್ಟೆಲ್ಲ ತಿಳಿದೆನೆಂದು ಬೀಗುತ್ತಿದ್ದವನಿಗ ಇನ್ನೊಂದು ಪಾಠ ಕಾದಿತ್ತು. 2018ರ ಡಿಸೆಂಬರ್ 14ರಂದು ಸುಳವಾಡಿಯ ಕಿಚ್ಚುಗುತ್ತಿ ಮಾರಮ್ಮನ ಗುಡಿಯಲ್ಲಿ ವಿಷ ಬೆರೆತ ಪ್ರಸಾದ ತಿಂದು 17 ಜನ ಸತ್ತರು, ನೂರಕ್ಕೂ ಹೆಚ್ಚು ಜನ ಆಸ್ಪತ್ರೆ ಸೇರಿದರು. ಸುಳವಾಡಿ ನಾನು ದನ ನೋಡಲು ತಿರುಗಾಡಿದ ಸೀಮೆ. ಕೆಲವು ವಾರಗಳ ಮೇಲೆ, ಮಾದಪ್ಪನ ಬೆಟ್ಟಕ್ಕೆ ಹೋಗಿಬಂದ ನೆರೆಯವರು ಲಾಡು ಪ್ರಸಾದ ತಂದುಕೊಟ್ಟರು. ಅದು ಬೇರೆ ಗುಡಿ, ಬೇರೆ ಪ್ರಸಾದ. ಕೊಟ್ಟವರು ಮೊದಲೇ ತಿಂದಿದ್ದಾರೆ. ಎಲ್ಲವೂ ನನಗೆ ಗೊತ್ತು. ಕಣ್ಣಿಗೊತ್ತಿಕೊಂಡ ಲಾಡಿನ ಚೂರು ಬಾಯ ಹತ್ತಿರ ಬಂತು; ಕೈ ಅಲ್ಲೇ ನಿಂತಿತು. ಗಂಟಲು ಕಟ್ಟಿತು. ಮುಂಗೈಯ ಮೇಲೆ ಬೆವರು ಕಂಡಿತು.

ನನ್ನ ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಅವಳು ಏನು ಹೇಳಬಹುದಿತ್ತೆಂದು ನನಗೆ ಗೊತ್ತು. ಇಪ್ಪತ್ತೈದು ವರ್ಷ ಕಾದಿಟ್ಟ ಮಾತು ಅವಳ ಬಾಯಲ್ಲಿ ಸಿದ್ಧವಾಗಿರಬೇಕು. ನಾನೂ ಅದಕ್ಕೆ ಅರ್ಹನಾಗಿದ್ದೆ. ಅವಳು ಅದನ್ನು ಹೇಳಲಿಲ್ಲ. ಬಂದು ಪಕ್ಕದಲ್ಲಿ ಕುಳಿತಳು. “ಸುಳವಾಡಿ ನೆನಪಾಯಿತೇನ್ರಿ?” ಎಂದು ಕೇಳಿದಳು. ಹೂಂ ಎಂದೆ. ಆ ಊರಲ್ಲಿ ನನಗೆ ಯಾರು ಯಾರು ಗೊತ್ತಿದ್ದರು, ಯಾರ ಹಟ್ಟಿಯಲ್ಲಿ ಕುಳಿತು ಮಜ್ಜಿಗೆ ಕುಡಿದಿದ್ದೆ ಎಂದೆಲ್ಲ ಕೇಳಿದಳು, ನಾನು ಹೇಳಿದೆ. ಬಹಳ ಹೊತ್ತು ಹೇಳಿದೆ. ನಡುವೆ ಅವಳು ನನ್ನ ಕೈಯಿಂದ ಲಾಡು ತೆಗೆದುಕೊಂಡು, ಮುರಿದು ಅರ್ಧ ತಾನು ತಿಂದಳು. ಉಳಿದರ್ಧವನ್ನು ತಟ್ಟೆಯಲ್ಲಿಟ್ಟು, “ಆಮೇಲೆ ತಿನ್ನಿ, ಅವಸರವೇನೂ ಇಲ್ಲ” ಎಂದಳು.

ಆ ಸಂಜೆಯೇ ತಿಂದೆ ಎಂದು ಹೇಳಿದರೆ ಬರಹಕ್ಕೆ ಒಳ್ಳೆಯ ಮುಕ್ತಾಯವಾಗುತ್ತಿತ್ತು. ತಿನ್ನಲಿಲ್ಲ. ಹಸುವಿನ ಹಾಗೆ ನನಗೂ ಮೂರು ದಿನ ಬೇಕಾಯಿತು.